ನಿಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ?

ಹುಬ್ಬಳ್ಳಿ, ಹಳೇ ಗಿರಣಿ ಓಣಿ
ಇಸವಿ 2187, ಫೆಬ್ರವರಿ ಮೂವತ್ತು

ಇನ್ನೂ ಪೆಟ್ರೋಲು ಸುಡುತ್ತಿರುವ ನನ್ನ ಹಿರಿಯರಿಗೆ ದಾನಮ್ಮ ಕುಸುಗಲ್ಲ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಒಂದು ತಿಂಗಳಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಡಿಸುವ ಪಂಕ್ತಿಭೇದವನ್ನು ನಮ್ಮ ಮುತ್ತಜ್ಜನ ಕಾಲದಲ್ಲೇ ನಿಲ್ಲಿಸಿದರು. ಉಳಿದುಹೋದ ದಿನಗಳನ್ನು ವರ್ಷದ ಕೊನೆಗೆ ಗಂಟು ಕಟ್ಟಿಟ್ಟು ‘ಮಿಕ್ಕ ದಿನ’ ಎಂದು ಕರೆಯುತ್ತೇವೆ. ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಈ ಕಾಗದದಲ್ಲಿ ನಿಮಗೆ ತಿಳಿಯದ ಮಾತು ಇನ್ನೂ ಕೆಲವು ಬಂದಾವು. ಬಂದಾಗ ಬಿಡಿಸಿ ಹೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಕಾಲದ ಬರಹ ಓದುವಾಗ ನಾವೂ ಎಷ್ಟೋ ಕಡೆ ತಲೆ ಕೆರೆದುಕೊಂಡಿದ್ದೇವೆ.

ಎಪ್ಪತ್ತು ದಾಟಿದವರಿಗೆ ನಮ್ಮಲ್ಲಿ ಒಂದೇ ಒಂದು ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುವ ಹಕ್ಕಿದೆ. ಅದಕ್ಕೆ ಹಿಂದಂಚೆ ಎಂದು ಹೆಸರು. ಕಾಗದ ನಿಜವಾಗಿಯೂ ಮುಟ್ಟುತ್ತದೆಯೇ ಎಂದು ಅಂಚೆಯ ಹುಡುಗಿಯನ್ನು ಕೇಳಿದರೆ, “ಹಾಕೂದು ನಿಮ್ಮ ಕೆಲಸ, ಮುಟ್ಟೂದು ಅದರ ಕೆಲಸ, ನಡುವ ನನ್ನ ಯಾಕ ಕೇಳ್ತೀರಿ ಅಜ್ಜಿ?” ಎನ್ನುತ್ತಾಳೆ. ಹೆಚ್ಚಿನವರು ಎಚ್ಚರಿಕೆಯ ಕಾಗದ ಬರೆಯುತ್ತಾರೆ. ಕೆರೆ ಮುಚ್ಚಬೇಡಿ, ಗಿಡ ಕಡಿಯಬೇಡಿ ಎಂದು ಗೋಗರೆಯುತ್ತಾರೆ. ನೀವು ಅದನ್ನೆಲ್ಲ ಕೇಳುವ ಪೈಕಿ ಅಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಾನು ನಿಮಗೆ ಗಾಡಿಯ ವಿಮೆಯ ಬಗ್ಗೆ ಬರೆಯುತ್ತಿದ್ದೇನೆ.

ಹೌದು, ವಿಮೆ. ನಿನ್ನೆ ನಮ್ಮ ಓಣಿಗೆ ಪ್ರಶ್ನೆಯವರು ಬಂದಿದ್ದರು. ಅವರು ಬಂದು ಹೋಗುವುದರೊಳಗೆ ನನ್ನ ಬೀಗತಿ, ಅಂದರೆ ನನ್ನ ಸೊಸೆಯ ತಾಯಿ ಶಂಕ್ರವ್ವ, ಈ ಮನೆಯಲ್ಲಿ ಉಳಿಯುತ್ತಾಳೋ ಗಂಟು ಕಟ್ಟುತ್ತಾಳೋ ಎಂಬುದು ತೀರ್ಮಾನವಾಗಬೇಕಿತ್ತು. ವಿಮೆಗೂ ಬೀಗತಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳುವುದು ಸಹಜ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಗಾಡಿಗಳ ಬಗ್ಗೆ ಹೇಳಬೇಕು.

ನಮ್ಮ ದೊಡ್ಡ ರಸ್ತೆಗಳೆಲ್ಲ ತಾನೋಟದವು. ಹತ್ತಿ ಕುಳಿತರೆ ಗಾಡಿ ತಾನೇ ಓಡುತ್ತದೆ. ಹುಬ್ಬಳ್ಳಿಯಲ್ಲಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರೆ ಬೆಂಗಳೂರಿನಲ್ಲಿ ಎಬ್ಬಿಸುತ್ತದೆ. ಆದರೆ ಓಣಿ? ಮೊದಮೊದಲು ತಾನೋಟದ ಗಾಡಿಗಳನ್ನು ಓಣಿಗಳಿಗೂ ಬಿಟ್ಟಿದ್ದರಂತೆ. ಬಂದವು, ಓಣಿಯ ಬಾಯಿಯಲ್ಲೇ ನಿಂತವು. ಮುಂದೆ ಒಂದು ಎಮ್ಮೆ. ಎಮ್ಮೆ ಎದ್ದ ಮೇಲೆ ಚುರುಮುರಿ ಮಾರುವವನ ತಳ್ಳುಗಾಡಿ. ಅದು ಸರಿದ ಮೇಲೆ ನಡುರಸ್ತೆಯಲ್ಲಿ ಮಾತಾಡುತ್ತ ನಿಂತ ಇಬ್ಬರು ಹೆಂಗಸರು. ‘ಹಂಗಾರ ಬರ್ತೇನಿ’ ಎಂದ ಮೇಲೆ ಹೆಂಗಸರು ಇನ್ನೂ ಎಷ್ಟು ಹೊತ್ತು ನಿಂತು ಮಾತಾಡುತ್ತಾರೆ ಎಂಬುದು ಯಾವ ಯಂತ್ರಕ್ಕೂ ಕೊನೆಯತನಕ ತಿಳಿಯಲಿಲ್ಲ. ಕೊನೆಗೆ ಸರಕಾರವೇ ಕೈಮುಗಿದು, ಓಣಿಯೊಳಗೆ ಮನುಷ್ಯರೇ ಓಡಿಸಿಕೊಳ್ಳಲಿ ಎಂದು ಬಿಟ್ಟುಬಿಟ್ಟಿತು. ಹೀಗೆ ಹುಟ್ಟಿದ್ದು ಓಣಿಗಾಡಿ. ಆರು ಜನ ಕೂರುವಷ್ಟು ದೊಡ್ಡದು, ಬಿಸಿಲು ತಿಂದು ಓಡುತ್ತದೆ, ಕೈಯಿಂದ ತಿರುಗಿಸುವ ಚಕ್ರ ಇದೆ, ಕಾಲಿನಿಂದ ಒತ್ತುವ ಬ್ರೇಕ್ ಇದೆ. ಕೀಲಿಕೈ ಕೂಡ ಇದೆ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಮೊಳೆಗೆ, ರೊಟ್ಟಿಯ ಹಂಚಿನ ಪಕ್ಕ ತೂಗುತ್ತದೆ. ಬೆಳಗಿನ ಹೊತ್ತು ತೆಗೆದುಕೊಂಡರೆ ಬಿಸಿಬಿಸಿಯಾಗಿರುತ್ತದೆ.

ನಮ್ಮ ಗಾಡಿಯ ಹೆಸರು ಬಂಗಾರಿ. ಅದನ್ನು ಈ ಓಣಿಯಲ್ಲಿ ನನ್ನಷ್ಟು ಚೆನ್ನಾಗಿ ಓಡಿಸುವವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳಿ. ಎದುರು ಮನೆಯ ಜೈನಾಬಿ ಮಾತ್ರ ಬೇರೆ ಹೇಳಿಯಾಳು, ಅವಳನ್ನು ಕೇಳಬೇಡಿ.

ಗಾಡಿ ಇದ್ದಮೇಲೆ ಯಾರದಾದರೂ ಗೋಡೆಗೆ ತಾಗುವುದು, ಯಾರದಾದರೂ ಕಾಲ ಮೇಲೆ ಹೋಗುವುದು ಇದ್ದದ್ದೇ. ಅದಕ್ಕಾಗಿ ಪ್ರತಿ ಓಣಿಗೂ ಒಂದು ಹೊಣೆಕೂಟ. ನಿಮ್ಮ ವಿಮೆ ಕಂಪನಿಯ ಮರಿಮೊಮ್ಮಗಳು ಎಂದುಕೊಳ್ಳಿ. ನಮ್ಮ ಕೂಟದಲ್ಲಿ ಹಣ ಕಟ್ಟುವುದಿಲ್ಲ, ಹೆಗಲು ಕೊಡುತ್ತೇವೆ. ನನ್ನ ಗಾಡಿ ನಿಮ್ಮ ಗೋಡೆ ಕೆಡವಿದರೆ ಓಣಿಯ ಎಲ್ಲ ಮನೆಯವರೂ ಬಂದು ಕಟ್ಟಿಕೊಡುತ್ತಾರೆ. ನಿಮ್ಮ ಕಾಲು ಮುರಿದರೆ ಅದು ಕೂಡಿಕೊಳ್ಳುವತನಕ ಮನೆಗೊಂದು ದಿನದಂತೆ ಅಡುಗೆ ಮಾಡಿ ಕಳಿಸುತ್ತಾರೆ. ಆದರೆ ಒಂದು ಕಟ್ಟಳೆ: ಗಾಡಿ ಓಡಿಸುವವರ ಹೆಸರನ್ನು ಮೊದಲೇ ಹೇಳಿರಬೇಕು. ಹೆಸರು ಹೇಳದೇ ಉಳಿದವರು ಓಡಿಸಿ ಏನಾದರೂ ಆದರೆ ಕೂಟ ಕೈ ಎತ್ತಿಬಿಡುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಪ್ರಶ್ನೆಯವರು ಬರುತ್ತಾರೆ. ನಮ್ಮ ಓಣಿಗೆ ಬರುವವರು ಬಾಳಪ್ಪ ಎಂಬ ನಿಧಾನದ ಮನುಷ್ಯ. ಅವರ ಕೈಯಲ್ಲಿ ಕಾಗದವಿಲ್ಲ, ಯಂತ್ರವಿಲ್ಲ. ಕಟ್ಟೆಯ ಮೇಲೆ ಕುಳಿತು ಗಿರ್ಮಿಟ್ಟು ತಿನ್ನುತ್ತ ಗಟ್ಟಿಯಾಗಿ ಕೇಳುತ್ತಾರೆ, ನಾವು ಗಟ್ಟಿಯಾಗಿ ಹೇಳುತ್ತೇವೆ, ಓಣಿಯೆಲ್ಲ ಕೇಳಿಸಿಕೊಳ್ಳುತ್ತದೆ. ಸುಳ್ಳು ಹೇಳಲು ಧೈರ್ಯ ಬೇಕು. ಜೈನಾಬಿಯ ಎದುರು ಯಾರಿಗೂ ಅಷ್ಟು ಧೈರ್ಯವಿಲ್ಲ.

ನಿಮ್ಮ ಕಾಲದ ವಿಮೆ ಪ್ರಶ್ನೆಗಳನ್ನು ನಮ್ಮ ಕೂಟದ ಗೋಡೆಯ ಮೇಲೆ ಕೆತ್ತಿಸಿದ್ದಾರೆ. ಚಿಕ್ಕವಳಿದ್ದಾಗ ಅದನ್ನು ಓದುತ್ತಲೇ ಅಕ್ಷರ ಕಲಿತೆ. ಗಾಡಿ ಯಾವ ವರ್ಷದ್ದು, ಯಾವ ಕಂಪನಿಯದು, ಮೊದಲು ಪೆಟ್ಟು ಬಿದ್ದಿದೆಯೇ, ಒಳಗೆ ಏನಾದರೂ ಬದಲಾಯಿಸಿದ್ದೀರಾ ಎಂದೆಲ್ಲ ನಿಮ್ಮನ್ನು ಕೇಳುತ್ತಿದ್ದರಂತೆ. ಕಡಲಾಚೆಯ ದೇಶಗಳಲ್ಲಾದರೆ ಇನ್ನೂ ಮುಂದೆ ಹೋಗಿ, ಮನೆಯಲ್ಲಿ ಯಾರು ಯಾರಿದ್ದಾರೆ, ಅವರಲ್ಲಿ ಓಡಿಸುವವರು ಯಾರು, ಕಲಿಯುತ್ತಿರುವ ಮಕ್ಕಳಿದ್ದಾರೆಯೇ ಎಂದೂ ಕೇಳುತ್ತಿದ್ದರಂತೆ. ನೀವು ಅವನ್ನೆಲ್ಲ ಓದದೆಯೇ ಹೆಬ್ಬೆರಳಿನಿಂದ ‘ಒಪ್ಪಿದೆ, ಒಪ್ಪಿದೆ’ ಎಂದು ಒತ್ತುತ್ತಿದ್ದಿರೆಂದು ಕೇಳಿದ್ದೇನೆ. ಎಂಥ ಜನವೋ! ಮನೆಯಲ್ಲಿ ಯಾರಿದ್ದಾರೆ ಎಂದು ಒಬ್ಬರು ಬಾಯಿಬಿಟ್ಟು ಕೇಳುವುದು ಎಷ್ಟು ದೊಡ್ಡ ಮಾತು ಎಂಬುದು ನಿಮಗೆ ಹೊಳೆಯಲೇ ಇಲ್ಲವೇ?

ಬಾಳಪ್ಪನವರ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. “ಏನರ ಬದಲಿ ಮಾಡೀರೇನ್ರಿ?” ಎಂದು ಕೇಳಿದಾಗ, ಬುತ್ತಿಯ ಗಂಟು ಉರುಳದಂತೆ ಬಂಗಾರಿಗೆ ನಾನು ಹಾಕಿಸಿದ ಕೊಕ್ಕೆಯ ಬಗ್ಗೆಯೂ ಹೇಳಬೇಕಾಯಿತು. “ಓಡಿಸಾಕ ಬರ್ತದ, ಆದ್ರ ಓಡಿಸಬಾರದವರು ಯಾರದಾರ?” ಎಂಬುದೂ ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಅದು ನನ್ನ ಮಗ ಪ್ರಭುಲಿಂಗ. ಚಕ್ರ ಹಿಡಿದು ಮಾತಿಗೆ ಶುರುಮಾಡಿದರೆ ಪಕ್ಕದಲ್ಲಿ ಕುಳಿತವರ ಮುಖ ನೋಡಿಯೇ ಮಾತಾಡುತ್ತಾನೆ, ರಸ್ತೆಯನ್ನು ದೇವರಿಗೆ ಬಿಟ್ಟುಬಿಡುತ್ತಾನೆ. ಪ್ರತಿವರ್ಷ ನಾನು ಅವನ ಹೆಸರು ಹೇಳುತ್ತೇನೆ, ಓಣಿ ನಗುತ್ತದೆ, ಅವನೂ ಎದ್ದು ನಿಂತು ಎಲ್ಲರಿಗೂ ಕೈಮುಗಿಯುತ್ತಾನೆ. ಸೊಸೆ ಮಂದಾಕಿನಿ ಚೆನ್ನಾಗಿ ಓಡಿಸುತ್ತಾಳೆ, ನನ್ನಷ್ಟಲ್ಲ. ಕಡೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. “ಕೀಲಿಕೈಗೆ ಕೈ ಎಟುಕೂವಷ್ಟು ಹತ್ತಿರ ಇದ್ದು, ಹೆಸರು ಹೇಳದ ಉಳದವರು ಈ ಮನ್ಯಾಗ ಯಾರರ ಅದಾರೇನ್ರಿ?”

ಇದ್ದಾಳೆ. ನಮ್ಮ ಮನೆಯಲ್ಲಿ ಕೀಲಿಕೈಗೆ ಎಲ್ಲರಿಗಿಂತ ಹತ್ತಿರ ಇರುವವಳು ಶಂಕ್ರವ್ವ. ಬೆಳಗಾಗುವುದರೊಳಗೆ ಎದ್ದು ರೊಟ್ಟಿ ತಟ್ಟುವವಳು ಅವಳು. ಗಂಡ ತೀರಿಕೊಂಡ ವರ್ಷ, ಎಂಟು ದಿನ ಇದ್ದು ಹೋಗುತ್ತೇನೆಂದು ಇಳಕಲ್ಲಿನಿಂದ ಮಗಳ ಮನೆಗೆ ಬಂದಳು. ಆ ಎಂಟು ದಿನಕ್ಕೆ ನಿನ್ನೆಗೆ ಐದು ವರ್ಷ. ಬಂದ ದಿನ ಗೂಟಕ್ಕೆ ನೇತುಹಾಕಿದ ಚೀಲವನ್ನು ಅವಳು ಪೂರ್ತಿ ಬಿಚ್ಚಲೇ ಇಲ್ಲ. ಸೀರೆ ತೆಗೆಯುವುದು, ಉಡುವುದು, ಒಗೆದು ಮಡಿಸಿ ಮತ್ತೆ ಚೀಲದಲ್ಲೇ ಇಡುವುದು. ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟೆ. ಅದರಲ್ಲಿ ಹಪ್ಪಳದ ಡಬ್ಬಿ ತಂದಿಟ್ಟಳು. ಎರಡನೆಯ ರೊಟ್ಟಿ ಬಡಿಸಲು ಹೋದರೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತಾಳೆ. ಉಪ್ಪು ಕಡಿಮೆಯಾದರೂ ಚಲೋ ಆಗಿದೆ ಎನ್ನುತ್ತಾಳೆ, ಹೆಚ್ಚಾದರೂ ಚಲೋ ಆಗಿದೆ ಎನ್ನುತ್ತಾಳೆ. “ನಿಮ್ಮನಿ ಹಾಲು ಉಕ್ಕಾಕತ್ತದ ನೋಡ್ರಿ ಬೀಗ್ರ” ಎಂದು ಕೂಗುತ್ತಾಳೆ. ಐದು ವರ್ಷ ಅವಳೇ ಕಾಯಿಸಿದ ಹಾಲು, ಆದರೂ ‘ನಿಮ್ಮನಿ’ ಹಾಲು. ಪ್ರಶ್ನೆಯ ದಿನ ಬಂತೆಂದರೆ ನಸುಕಿನಲ್ಲೇ ಮೆಂತ್ಯೆ ಸೊಪ್ಪು ತರುತ್ತೇನೆಂದು ಪೇಟೆಗೆ ಹೋಗಿಬಿಡುತ್ತಾಳೆ, ಬಾಳಪ್ಪನವರು ಹೋದ ಮೇಲೆಯೇ ತಿರುಗಿ ಬರುತ್ತಾಳೆ. ನಾವೂ ‘ಅತಿಥಿ ಒಬ್ಬರಿದ್ದಾರೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಮುಗಿಸುತ್ತಿದ್ದೆವು.

ಕೂಟ ಅದನ್ನು ಐದನೆಯ ವರ್ಷದವರೆಗೆ ಮಾತ್ರ ಕೇಳಿಸಿಕೊಳ್ಳುತ್ತದೆ. ಐದನೆಯ ಸಲ ಹೆಸರು ಹೇಳಬೇಕು, ಇಲ್ಲವೇ ಅತಿಥಿ ಹೊರಡುವ ದಿನ ಹೇಳಬೇಕು. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಬಂಗಾರಿಯನ್ನು ತೊಳೆಯುತ್ತಿದ್ದಾಗ ಮಂದಾಕಿನಿ ಬಂದು ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು ತಾನೇ ಒರೆಸತೊಡಗಿದಳು. ಒರೆಸಿದಲ್ಲೇ ಒರೆಸುತ್ತಿದ್ದಳು. ನೋಡಿದರೆ ಅಳುತ್ತಿದ್ದಾಳೆ. “ಅವ್ವ ಹೊಂಟಾಳ್ರಿ ಅತ್ತಿ. ಬಾಗಲಕೋಟಿ ಹಿರ್‍ಯಾರ ಬಿಡಾರದಾಗ ಖೋಲಿ ಕೇಳ್ಯಾಳ. ಪ್ರಶ್ನಿ ದಿನ ಬರೂದ್ರಾಗ ಹೋಗಬೇಕಂತ” ಎಂದಳು. ಬಿಡಾರ ಎಂದರೆ ಸರಕಾರ ನಡೆಸುವ ಮುದುಕರ ಮನೆ. ಚೆನ್ನಾಗಿಯೇ ಇದೆ, ಹೂವಿನ ಗಿಡಗಳಿವೆ. ಆದರೆ ಅಲ್ಲಿ ಶಂಕ್ರವ್ವ ಯಾರ ಹಾಲು ಉಕ್ಕಿತೆಂದು ಕೂಗಬೇಕು? ನಾನು ರೇಗಿದೆ. ಹೋಗು ಎಂದು ಯಾರಾದರೂ ಅಂದರೇನು ಎಂದು ಕೇಳಿದೆ. ಸೊಸೆ ತಲೆ ಎತ್ತಿ, “ಯಾರೂ ಹೋಗು ಅಂದಿಲ್ಲ. ನೀವು ಒಮ್ಮೆರ ಇರ್‍ರಿ ಅಂದೀರೇನ್ರಿ?” ಎಂದಳು. ನಾನು ಇನ್ನೊಂದು ಬಟ್ಟೆ ತಂದು ಬಂಗಾರಿಯ ಆಚೆ ಪಕ್ಕೆಯನ್ನು ಒರೆಸತೊಡಗಿದೆ.

ನಮ್ಮ ಕಡೆಯ ರೀತಿ ನಿಮಗೆ ತಿಳಿದೇ ಇರುತ್ತದೆ. ಅದು ನೂರೈವತ್ತು ವರ್ಷವಾದರೂ ಬದಲಾಗಿಲ್ಲ. ಮಗಳ ಮನೆಯಲ್ಲಿ ತಾಯಿ ಉಳಿಯುವುದೆಂದರೆ ಗಂಟಲಲ್ಲಿ ಮುಳ್ಳು. ‘ಇರ್ತೇನಿ’ ಎಂದು ಅವಳೇ ಹೇಳಿದರೆ ಬೇಡಿದಂತೆ. ‘ಇರ್‍ರಿ’ ಎಂದು ನಾನು ಹೇಳಿದರೆ ನೀಡಿದಂತೆ. ಹೀಗಾಗಿ ಇಬ್ಬರು ಬೀಗತಿಯರು ಒಂದೇ ಒಲೆಯ ಮುಂದೆ ಕುಳಿತು, ಹೇಳಬೇಕಾದ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತೇವೆ. ಹಾಗೆ ನೋಡಿದರೆ ಓಡಿಸದವರ ಹೆಸರನ್ನೂ ಕೂಟಕ್ಕೆ ಹೇಳಬಹುದು. ‘ಇವರು ನಮ್ಮ ಮನೆಯವರೇ, ಆದರೆ ಗಾಡಿ ಮುಟ್ಟುವುದಿಲ್ಲ’ ಎಂದರೆ ಆಯಿತು. ಹಿಂದೊಮ್ಮೆ ಮಂದಾಕಿನಿ ಈ ಮಾತು ಎತ್ತಿದಾಗ ಶಂಕ್ರವ್ವ, “ಓಡಸದವರ ಹೆಸರು ಹೇಳೂದಂದ್ರ ಉಣ್ಣೂ ತಾಟು ಎಣಿಸಿದಂಗ. ಬ್ಯಾಡವಾ” ಎಂದಿದ್ದಳು. ಅದನ್ನು ನೆನೆಸಿಕೊಂಡು ಆ ಮಧ್ಯಾಹ್ನ ನಾನೊಂದು ಉಪಾಯ ಮಾಡಿದೆ. ಇವಳಿಗೆ ಗಾಡಿ ಕಲಿಸಬೇಕು. ಆಗ ಇವಳು ಉಣ್ಣುವ ತಾಟಲ್ಲ, ಓಡಿಸುವ ಕೈ ಆಗುತ್ತಾಳೆ.

ಮರುದಿನದಿಂದ ನನ್ನ ಮೊಣಕಾಲು ನೋಯತೊಡಗಿತು. ನಿಜವಾಗಿ ನೋಯಲಿಲ್ಲ, ನೋಯಿಸಿಕೊಂಡೆ. “ಅಯ್ಯ ಬೀಗ್ರ, ಬ್ರೇಕ್ ಒತ್ತಾಕ ಆಗವಲ್ದು, ಸಂತಿಗೆ ಯಾರು ಕರಕೊಂಡು ಹೋಗ್ತಾರ?” ಎಂದು ಕೂತಲ್ಲಿ ನಿಂತಲ್ಲಿ ನರಳಿದೆ. ಶಂಕ್ರವ್ವ ಮೂರು ದಿನ ಎಣ್ಣೆ ತಿಕ್ಕಿದಳು. ನನ್ನ ಮೊಣಕಾಲು ಆಗ ಇದ್ದಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ನಾಲ್ಕನೆಯ ದಿನ ಹಳೇ ಹತ್ತಿ ಗಿರಣಿಯ ಬಯಲಿಗೆ ಹೋಗಿ ಅವಳನ್ನು ಚಕ್ರದ ಹಿಂದೆ ಕೂರಿಸಿದೆ. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು. ಇಬ್ಬರೂ ಮೊಣಕಾಲಿನ ಬಗ್ಗೆ ಮಾತಾಡುತ್ತ ಹೊರಟೆವು.

ಅಬ್ಬಬ್ಬಾ, ಆ ಪಾಠ! ಅರವತ್ತಾರು ವರ್ಷದ ಶಿಷ್ಯೆ, ಎಪ್ಪತ್ತೊಂದರ ಗುರು. ಅವಳ ತವರಿನವರು ಎತ್ತು ಸಾಕುತ್ತಿದ್ದ ಜನ. ಗಾಡಿ ಹೊರಟಿತೆಂದರೆ ನಾಲಿಗೆಯಲ್ಲಿ ಟ್ರಕ್ ಟ್ರಕ್ ಸದ್ದು ಮಾಡುತ್ತಿದ್ದಳು. ನಿಲ್ಲಿಸಬೇಕಾದರೆ ಬ್ರೇಕ್ ಮರೆತು “ಹೋ ಹೋ ಹೋ ನನ್ನಪ್ಪಾ” ಎನ್ನುತ್ತಿದ್ದಳು. ಬಂಗಾರಿಗೆ ಆ ಭಾಷೆ ಬರುವುದಿಲ್ಲವಾದ್ದರಿಂದ ಎರಡು ಸಲ ಹುಲ್ಲಿನ ಬಣವೆಯೊಳಗೆ ಹೋದೆವು. ಕಾಗೆ ಕಂಡರೆ ನಿಲ್ಲಿಸುವಳು. ಕಾಗೆ ಹಾರಿಹೋದರೂ ಅದರ ಬಳಗ ಬಂದೀತೆಂದು ಕಾಯುವಳು. ನಾನು ಬೈಯುತ್ತಿದ್ದೆ, ಅವಳು ಬೆವರುತ್ತಿದ್ದಳು, ಆಮೇಲೆ ಇಬ್ಬರೂ ಗಾಡಿಯ ನೆರಳಿನಲ್ಲಿ ಕಾಲು ಚಾಚಿ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಬಯಲಿನಲ್ಲಿ ಅವಳು ಎರಡನೆಯ ರೊಟ್ಟಿ ಬೇಡ ಎನ್ನುತ್ತಿರಲಿಲ್ಲ. ಅದು ಯಾರ ಮನೆಯೂ ಅಲ್ಲವಲ್ಲ. ನನ್ನ ಆಯುಷ್ಯದಲ್ಲಿ ಅಷ್ಟು ಸುಖದ ಮಧ್ಯಾಹ್ನಗಳು ಹೆಚ್ಚು ಇಲ್ಲ ಎಂದು ಇಲ್ಲಿ ಸುಮ್ಮನೆ ಬರೆದಿಡುತ್ತೇನೆ. ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ಎಮ್ಮೆಯ ಬಾಲಕ್ಕೂ ತಾಗದಂತೆ ಗಾಡಿ ತಿರುಗಿಸುವುದನ್ನು ಕಲಿತಿದ್ದಳು. ಆದರೆ ಒಂದು ಚಾಳಿ ಮಾತ್ರ ಬಿಡಲಿಲ್ಲ. ತಿರುಗಿ ಬರುವಾಗ ಮನೆಯ ಹೊರಗಿನ ಬೇವಿನ ಮರದ ಕೆಳಗೆ, ಬಂದುಹೋಗುವವರ ಗಾಡಿ ನಿಲ್ಲುವ ಜಾಗದಲ್ಲೇ ನಿಲ್ಲಿಸುವಳು. ಗೇಟಿನೊಳಗೆ, ಬಂಗಾರಿ ರಾತ್ರಿ ನಿಲ್ಲುವ ಚಪ್ಪರಕ್ಕೆ, ನಾನೇ ಒಯ್ಯಬೇಕು. ಕೇಳಿದರೆ, “ಅಲ್ಲಿ ಕಂಬ ಅದ, ನಿಮ್ಮ ಕಂಬಕ್ಕ ತಾಗೀತು” ಎನ್ನುವಳು.

ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ರೊಟ್ಟಿಯ ಬುಟ್ಟಿ ತುಂಬಿತ್ತು, ಒಲೆ ಆರಿತ್ತು, ಶಂಕ್ರವ್ವ ಇರಲಿಲ್ಲ. ಮೆಂತ್ಯೆಗೆ ಹೋಗಿದ್ದಾಳೆ ಎಂದುಕೊಂಡೆ. ಆಮೇಲೆ ಗೂಟ ನೋಡಿದೆ. ಚೀಲವೂ ಇರಲಿಲ್ಲ. ಅಷ್ಟರಲ್ಲಿ ಬಾಳಪ್ಪನವರು ಬಂದು ಕಟ್ಟೆಯ ಮೇಲೆ ಕುಳಿತೇಬಿಟ್ಟರು, ಓಣಿ ಸೇರಿತು. ಗಾಡಿ ಯಾವ ವರ್ಷದ್ದು ಎಂದರು, ಹೇಳಿದೆ. ಯಾತಕ್ಕೆ ಓಡಿಸುತ್ತೀರಿ ಎಂದರು, ಸಂತೆಗೆ ಎಂದೆ. ಪ್ರಭುಲಿಂಗ ಎದ್ದು ಕೈಮುಗಿದ, ನಾನು ನಗಲಿಲ್ಲ. ಕಡೆಯ ಪ್ರಶ್ನೆ ಬಂತು. ಮಂದಾಕಿನಿ ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆಗ ಜೈನಾಬಿ ತನ್ನ ಮೆಟ್ಟಿಲ ಮೇಲಿಂದಲೇ, “ಹೆಸರು ಹೇಳಾಕ ಕುಂತೀಯೇನ ದಾನಮ್ಮಾ? ಆಕಿ ಓಣಿ ಬಾಯಾಗ ತಾನೋಟದ ಸ್ಟಾಪಿನ್ಯಾಗ ಚೀಲ ಹಿಡಕೊಂಡು ಕುಂತಾಳ. ಎರಡು ಗಾಡಿ ಬಿಟ್ಟಾಳ, ಮೂರನೇದು ಬಿಡ್ತಾಳೋ ಇಲ್ಲೋ!” ಎಂದು ಕೂಗಿದಳು. ಆ ಜೈನಾಬಿಯ ಬಾಯಿಗೆ ಸಕ್ಕರೆ ಬೀಳಲಿ. ನಾನು ಬಾಳಪ್ಪನವರಿಗೆ ಇನ್ನೊಂದು ತಾಟು ಗಿರ್ಮಿಟ್ಟು ಹಾಕಿಸಿ, ಕೀಲಿಕೈ ಕಿತ್ತುಕೊಂಡು, ಬಂಗಾರಿಯನ್ನು ಓಡಿಸಿಕೊಂಡು ಹೋದೆ.

ಶಂಕ್ರವ್ವ ಸ್ಟಾಪಿನ ಕಲ್ಲಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಮೆಂತ್ಯೆಯ ಕಟ್ಟು. ಊರು ಬಿಟ್ಟು ಹೊರಟವಳು ಮೆಂತ್ಯೆ ಯಾಕೆ ಕೊಂಡಳೋ, ಅವಳನ್ನೇ ಕೇಳಬೇಕು. ನಾನು ಚಕ್ರ ಬಿಟ್ಟು ಪಕ್ಕದ ಸೀಟಿಗೆ ಸರಿದು ಕುಳಿತು, “ಮೊಣಕಾಲು ಹಿಡಕೊಂಡದ ಬೀಗ್ರ. ಇಲ್ಲಿತನಕ ಹ್ಯಾಂಗೋ ಬಂದೆ. ತಿರುಗಿ ನೀವ ಒಯ್ಯಬೇಕು” ಎಂದೆ. ಅವಳು ನನ್ನ ಮೊಣಕಾಲನ್ನು ನೋಡಿದಳು, ಚೀಲವನ್ನು ನೋಡಿದಳು. ಚೀಲವನ್ನೂ ಮೆಂತ್ಯೆಯನ್ನೂ ಹಿಂದಿನ ಸೀಟಿಗೆ ಹಾಕಿ ಚಕ್ರ ಹಿಡಿದಳು. ಹೊಸಬರ ಹೆಸರು ಸೇರಿಸುವಾಗ ನಮ್ಮಲ್ಲಿ ಒಂದು ಪದ್ಧತಿ: ಅವರು ಎಲ್ಲರ ಎದುರು ಓಣಿ ಸುತ್ತಿ ಬಂದು, ಗಾಡಿ ರಾತ್ರಿ ನಿಲ್ಲುವ ಜಾಗದಲ್ಲಿ ತಂದು ನಿಲ್ಲಿಸಬೇಕು. ಅದಕ್ಕೆ ಓಣಿಸುತ್ತು ಎನ್ನುತ್ತೇವೆ. ಈಗ ನಡೆಯುತ್ತಿರುವುದು ಅದೇ ಎಂದು ನಾನು ಹೇಳಲಿಲ್ಲ. ಎರಡೂ ಬದಿಯ ಕಟ್ಟೆಗಳ ಮೇಲೆ ಜನ ಎದ್ದು ನಿಂತದ್ದು ಅವಳಿಗೆ ಕಾಣದೇ ಇರಲು ಅವಳೇನು ಕುರುಡಿಯೇ? ಎಮ್ಮೆಯನ್ನು ದಾಟಿಸಿದಳು, ಚುರುಮುರಿ ಗಾಡಿಯನ್ನು ದಾಟಿಸಿದಳು, ಒಂದು ಕಾಗೆಗೆ ಮಾತ್ರ ನಿಂತಳು. ಓಣಿಯ ಕೊನೆಗೆ ಹೋಗಿ ತಿರುಗಿಸಿಕೊಂಡು ಮನೆಯ ಮುಂದೆ ಬಂದು, ಬೇವಿನ ಮರದ ಕೆಳಗೆ ನಿಲ್ಲಿಸಿದಳು.

ಬಾಳಪ್ಪನವರು ಕಟ್ಟೆಯಿಂದಲೇ, “ಭಾಳ ಚಲೋ ಆತ್ರಿ ಅಕ್ಕಾ. ಇನ್ನ ರಾತ್ರಿ ನಿಲ್ಲೂ ಜಾಗಾಕ್ಕ ತಂದು ನಿಲ್ಲಸ್ರಿ” ಎಂದರು. ಶಂಕ್ರವ್ವ ಚಕ್ರದಿಂದ ಕೈ ತೆಗೆದು, “ನಾ ಇಲ್ಲೇ ಇಳೀತೇನ್ರಿ. ಒಳಗ ಅವರು ತಗೊಂಡು ಹೋಗ್ತಾರ, ಅವರ ಮನಿ” ಎಂದಳು. ಮೆಲ್ಲಗೆಯೇ ಹೇಳಿದಳು, ಆದರೂ ಓಣಿಗೆಲ್ಲ ಕೇಳಿಸಿತು. ನನಗೆ ಎಲ್ಲಿತ್ತೋ ಸಿಟ್ಟು! ಐದು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. ಬೀಗರು, ನೀವು, ಎಲ್ಲ ಮರ್ಯಾದೆಯೂ ಗಾಳಿಗೆ ಹೋಯಿತು. “ಏ ಶಂಕ್ರವ್ವಾ, ಯಾರ ಮನಿ ಅಂದಿ? ಐದು ವರ್ಷ ನನ್ನ ತಲಿಗೆ ಎಣ್ಣಿ ಹಚ್ಚಿದಾಕಿ ಯಾರು? ನಿನ್ನ ಬಾಗಲಕೋಟ್ಯಾಗ ನನ್ನಂಗ ಜಗಳಾಡಾಕ ಯಾರದಾರ ನಿನಗ? ನಿನಗಿಲ್ಲ ಅಂದ್ರ ಹೋಗ್ಲಿ, ನನಗ್ಯಾರದಾರ? ನನಗ ನೀ ಬೇಕು. ಸೊಸಿ ಸಲುವಾಗಿ ಅಲ್ಲ, ರೊಟ್ಟಿ ಸಲುವಾಗಿ ಅಲ್ಲ, ನನಗ ಬೇಕು. ಇರು. ಹೇಳಿದೆ ನೋಡು, ಇರು! ಗಾಡಿ ಒಳಗ ತಗೊಂಡು ನಡಿ” ಎಂದು ಅಂದುಬಿಟ್ಟೆ. ಅಂದ ಮೇಲೆ ಅಳು ಬಂತು.

ಶಂಕ್ರವ್ವ ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದಳು, ಆಮೇಲೆ ತನ್ನದು. ನಂತರ ನಾಲಿಗೆಯಲ್ಲಿ ಟ್ರಕ್ ಎಂದು ಸದ್ದು ಮಾಡಿ ಬಂಗಾರಿಯನ್ನು ಹೊರಡಿಸಿದಳು. ಗೇಟು ದಾಟಿತು, ಅಂಗಳ ದಾಟಿತು, ಚಪ್ಪರದೊಳಗೆ ಹೋಯಿತು. ಹೋಗುವಾಗ ಎಡಗಡೆಯ ಕಂಬಕ್ಕೆ ಬಂಗಾರಿಯ ಪಕ್ಕೆಯನ್ನು ಕರ್‍ರ್‍ರೆಂದು ಉದ್ದಕ್ಕೂ ತಿಕ್ಕಿಸಿಕೊಂಡೇ ಹೋಯಿತು. ಬಾಳಪ್ಪನವರು ಗಿರ್ಮಿಟ್ಟಿನ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದು, ಹೊಸ ಹೆಸರಿನವರನ್ನು ಕೇಳಲೇಬೇಕಾದ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದರು: “ನಿ‌ಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ತದ್ರಿ?” ಶಂಕ್ರವ್ವ ಇಳಿದು, ಸೆರಗು ಸರಿಮಾಡಿಕೊಂಡು, ಕಂಬದ ಮೇಲೆ ಬಿದ್ದ ಗೀರನ್ನು ಒಮ್ಮೆ ಸವರಿದಳು. “ಇಲ್ಲೇ, ನಮ್ಮ ಮನ್ಯಾಗ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಈ ಹಾಳ ಕಂಬಾ ಇಲ್ಲಿ ಯಾರು ನಿಲ್ಲಿಸ್ಯಾರ? ಬುದ್ಧಿ ಇದ್ದವರು ಯಾರರ ನಡು ಹಾದ್ಯಾಗ ಕಂಬಾ ನಿಲ್ಲಸ್ತಾರೇನು?” ಎಂದು ಕೇಳಿದಳು. ಐದು ವರ್ಷದಲ್ಲಿ ಅವಳು ಈ ಮನೆಯ ಒಂದು ಉಪ್ಪಿನಕಾಯಿಗೂ ಹೆಸರಿಟ್ಟಿರಲಿಲ್ಲ. ಆ ಬೈಗುಳ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಕಂಬ ನಿಲ್ಲಿಸಿದವಳು ನಾನೇ. ಅದನ್ನು ನಾನು ಹೇಳಲಿಲ್ಲ, ಜೈನಾಬಿ ಹೇಳಿದಳು.

ಇವತ್ತು ಕೂಟದವರು ಪದ್ಧತಿಯಂತೆ ಕಂಬಕ್ಕೆ ಗಾರೆ ಹಚ್ಚಲು ಬಂದಿದ್ದರು. ಅದು ಹಾಗೇ ಇರಲಿ ಎಂದು ಚಹಾ ಕೊಟ್ಟು ಕಳಿಸಿದೆ. ಗೂಟದ ಚೀಲದಲ್ಲಿ ಈಗ ಉಳ್ಳಾಗಡ್ಡಿ ಇದೆ. ಕಪಾಟಿನಿಂದ ಹಪ್ಪಳದ ಡಬ್ಬಿ ಹೊರಬಿದ್ದಿದೆ. ಹೊರಬಿದ್ದದ್ದು ಸಾಲದೆಂದು ನನ್ನ ಎರಡು ಸೀರೆಗಳೂ ಹೊರಬಿದ್ದಿವೆ, ಅವಳಿಗೆ ಜಾಗ ಸಾಲುವುದಿಲ್ಲವಂತೆ. ಬೆಳಿಗ್ಗೆ ನಾನು ಮಾಡಿದ ಸಾರು ಬಾಯಿಗೆ ಹಾಕಿ, “ಇದಕ್ಕ ಸಾರು ಅಂತಾರೇನು?” ಎಂದಳು. ಮಂದಾಕಿನಿ ನಗುತ್ತಲೇ ಇದ್ದಾಳೆ. ಪ್ರಭುಲಿಂಗ, ಅತ್ತೆಯ ಹೆಸರೂ ಸೇರಿತು, ನನ್ನದು ಯಾವಾಗ ಎಂದು ಕೇಳಿದ. ನೀನು ರಸ್ತೆ ನೋಡಲು ಕಲಿತ ದಿನ ಎಂದೆವು, ಬೀಗತಿಯರಿಬ್ಬರೂ ಒಟ್ಟಿಗೆ.

ಹಿರಿಯರೇ, ನಾನು ನಿಮ್ಮಲ್ಲಿ ಕೇಳುವುದು ಇಷ್ಟೇ. ನಿಮ್ಮ ಗಾಡಿಯ ಬಗ್ಗೆ, ನಿಮ್ಮ ಮನೆಯವರ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದಾಗ ಬೇಸರಪಟ್ಟು ಹೆಬ್ಬೆರಳು ಒತ್ತಬೇಡಿ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಎದ್ದು ಒಂದು ಸಲ ಅಡುಗೆಮನೆಗೆ ಹೋಗಿ ನೋಡಿ, ಹಿತ್ತಲಿಗೆ ಹೋಗಿ ನೋಡಿ, ಗೂಟಕ್ಕೆ ಚೀಲ ನೇತುಹಾಕಿಕೊಂಡೇ ಬದುಕುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ನೋಡಿ. ಇದ್ದರೆ ಅವರ ಹೆಸರು ಗಟ್ಟಿಯಾಗಿ ಹೇಳಿ, ಅವರಿಗೆ ಕೇಳಿಸುವಂತೆ ಹೇಳಿ. ನಾನು ಐದು ವರ್ಷ ತಡಮಾಡಿದೆ, ನೀವು ಮಾಡಬೇಡಿ.

ಬರೆಯುವುದು ಇನ್ನೂ ಇತ್ತು, ಆದರೆ ಹೊರಗೆ ಹಾರ್ನ್ ಶುರುವಾಗಿದೆ. ಇವತ್ತು ಸಂತೆಯ ದಿನ. ಜೋರಾಗಿ ಸೀನುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ ಹೆಂಗಸು ಈಗ ಓಣಿಯೇ ಎದ್ದು ಬರುವಂತೆ ಹಾರ್ನ್ ಹೊಡೆಯುತ್ತಿದ್ದಾಳೆ. “ದಾನಮ್ಮಾ, ಬರ್ತೀಯೋ ಬಿಟ್ಟು ಹೋಗಲ್ಯೋ?” ಎಂದು ಕೂಗುವುದೂ ಕೇಳಿಸುತ್ತಿದೆ. ಬಿಟ್ಟು ಹೋಗುವವಳಲ್ಲ, ನನಗೆ ಗೊತ್ತು. ಆದರೂ ಓಡಬೇಕು, ಮೊಣಕಾಲು ಚೆನ್ನಾಗಿದೆ.

ಬರ್ತೇನಿ.

ನಿಮ್ಮ ಮುಂದಿನವಳು,
ದಾನಮ್ಮ